ಹೊಸ ಬ್ಯಾಂಡ್‌ಗಳನ್ನು ನೀವು ಎಲ್ಲಿ ಹುಡುಕ್ತೀರಿ? ನಿಮ್ಮ ಅನುಭವ ಹೇಳಿ

ಬೆಣ್ಣೆದೋಸೆ_ದಾವಣಗೆರೆ:
ಎಲ್ಲರಿಗೂ ನಮಸ್ಕಾರ. ನನಗೆ 36 ವರ್ಷ. ಕಾಲೇಜಿನಲ್ಲಿದ್ದಾಗ ವಾರಕ್ಕೊಂದು ಹೊಸ ಬ್ಯಾಂಡ್ ಕೇಳುತ್ತಿದ್ದೆ. ಈಗ ನಾಲ್ಕು ವರ್ಷದಿಂದ ಅದೇ ನಲವತ್ತು ಹಾಡು. ಸಿನಿಮಾ ಹಾಡು ಬೇಡ. ತಾವೇ ಬರೆದು, ತಾವೇ ಹಾಡಿ, ತಾವೇ ಬಿಡುಗಡೆ ಮಾಡುವವರು ಬೇಕು. ಕನ್ನಡವಾದರೆ ಖುಷಿ, ಬೇರೆ ಭಾಷೆಯಾದರೂ ಅಡ್ಡಿಯಿಲ್ಲ. ಇರುವುದು ದಾವಣಗೆರೆಯಲ್ಲಿ. ಅಂಗಡಿ ನೋಡಿಕೊಳ್ಳುತ್ತೇನೆ, ರಾತ್ರಿ ಒಂಬತ್ತರ ಮೇಲೆ ಬಿಡುವು. ತಿಂಗಳಿಗೆ 500 ರೂಪಾಯಿ ಇದಕ್ಕೇ ಅಂತ ತೆಗೆದಿಟ್ಟಿದ್ದೇನೆ. ಎಲ್ಲಿ ಹಾಕಲಿ?

ಮುಂದಿನ_ಸಾಲು:
ಮೊದಲು ಫೋನಿನ ಹಾಡಿನ ಆ್ಯಪ್ ತೆಗೆದುಹಾಕಿ. ಹೊಸ ಸಂಗೀತ ಸಿಗೋದು ಎದುರಿಗೆ ನಿಂತು ಕೇಳಿದಾಗ ಮಾತ್ರ.

ನಾನು 2014ರಿಂದ ಬೆಂಗಳೂರಲ್ಲಿದ್ದೇನೆ. ಇಂದಿರಾನಗರದ ಹಮ್ಮಿಂಗ್ ಟ್ರೀ ಅನ್ನೋ ಲೈವ್ ಸಂಗೀತದ ಪಬ್ ನನಗೆ ಶಾಲೆ ಇದ್ದ ಹಾಗೆ. ಹೆಸರಾದ ಬ್ಯಾಂಡ್ ನೋಡೋಕೆ ಅಂತ ಹೋಗಿ, ಅವರಿಗಿಂತ ಮುಂಚೆ ಅರ್ಧ ಗಂಟೆ ನುಡಿಸಿದವರ ಹಾಡನ್ನು ಗುನುಗಿಕೊಂಡು ಮನೆಗೆ ಬಂದದ್ದು ಎಷ್ಟು ಸಲವೋ. ಲೈಸೆನ್ಸ್ ಇಲ್ಲದೆ ಲೈವ್ ಸಂಗೀತ ನಡೆಸುವಂತಿಲ್ಲ ಅಂತ 2005ರಲ್ಲಿ ಪೊಲೀಸರು ಮಾಡಿದ್ದ ಆದೇಶವನ್ನು 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆಮೇಲೆ ಒಂದೊಂದೇ ಜಾಗದಲ್ಲಿ ಸಂಗೀತ ನಿಂತಿತು. 2019ರಲ್ಲಿ ಹಮ್ಮಿಂಗ್ ಟ್ರೀಯೂ ಮುಚ್ಚಿತು. ಕೊನೆಯ ವಾರ ನಾನು ಹೋಗಲಿಲ್ಲ. ಆಫೀಸಿನಲ್ಲಿ ಸಾಫ್ಟ್‌ವೇರ್ ರಿಲೀಸ್ ಇತ್ತು. ಆ ಸಂಕಟ ಇನ್ನೂ ಹೋಗಿಲ್ಲ.

ಆದರೂ ಹೋಗೋದು ಬಿಟ್ಟಿಲ್ಲ. ಹೋದ ವರ್ಷ ಲೆಕ್ಕ ಬರೆದಿಟ್ಟೆ. 19 ಕಾರ್ಯಕ್ರಮ. ಟಿಕೆಟ್ 9,481 ರೂಪಾಯಿ. ಆಟೋ, ಕ್ಯಾಬ್ 7,940. ಕೊನೆಯ ಮೆಟ್ರೋ ತಪ್ಪಿದ್ದಕ್ಕೇ ಇದರಲ್ಲಿ ಮುಕ್ಕಾಲು ಪಾಲು ಹೋಯಿತು. ಒಳಗೆ ಊಟ, ನೀರು 6,200. ಒಟ್ಟು 23,621. ನಿಜವಾಗಿ ಮನಸ್ಸಿಗೆ ಹಿಡಿಸಿದ ಹೊಸ ಬ್ಯಾಂಡ್ 7.

ಒಂದು ಉಪಾಯ ಹೇಳ್ತೀನಿ. ಹಾಡುವವರ ಹಿಂದೆ ಹೋಗಬೇಡಿ, ಡ್ರಮ್ಸ್ ನುಡಿಸುವವರ ಹಿಂದೆ ಹೋಗಿ. ಒಬ್ಬ ಒಳ್ಳೆ ಡ್ರಮ್ಮರ್ ಮೂರು ನಾಲ್ಕು ಬ್ಯಾಂಡ್‌ನಲ್ಲಿ ಇರ್ತಾರೆ. ಕಾರ್ಯಕ್ರಮ ಮುಗಿದು ಅವರು ತಾಳಗಳನ್ನು ಚೀಲಕ್ಕೆ ಹಾಕುವಾಗ ಹೋಗಿ "ಬೇರೆ ಎಲ್ಲಿ ನುಡಿಸ್ತೀರಿ?" ಅಂತ ಕೇಳಿ. ನನ್ನ 7ರಲ್ಲಿ 4 ಸಿಕ್ಕಿದ್ದು ಹಾಗೇ.

ಸೋಮವಾರದ_ಪಟ್ಟಿ:
ಒಂದು ಬ್ಯಾಂಡ್‌ಗೆ 3,370 ರೂಪಾಯಿ ಆಯಿತು ಸರ್ ನಿಮ್ಮದು. ಅದನ್ನು ಎಲ್ಲರಿಗೂ ಮಾಡಿ ಅಂತ ಹೇಳೋದು ಸರಿಯಲ್ಲ.

ನಾನು ಆ್ಯಪ್‌ನಿಂದಲೇ ಹುಡುಕೋನು. ಸ್ಪಾಟಿಫೈ ಭಾರತಕ್ಕೆ ಬಂದ 2019ರಿಂದ ಪ್ರತಿ ಸೋಮವಾರ ಬೆಳಿಗ್ಗೆ ಅದು ನನ್ನ ರುಚಿ ನೋಡಿ ಆರಿಸಿ ಕೊಡೋ ಮೂವತ್ತು ಹಾಡಿನ ಪಟ್ಟಿ ಬಿಟ್ಟಿದ್ದೇ ಇಲ್ಲ. 200 ಪುಟದ ನೋಟ್‌ಬುಕ್ ಇದೆ. ಎಡಗಡೆ ಬ್ಯಾಂಡ್ ಹೆಸರು, ಊರು. ಬಲಗಡೆ ಎರಡನೇ ಸಲ ಕೇಳಿದಾಗ ಏನನಿಸಿತು ಅಂತ. ಮೊದಲ ಸಲ ಕೇಳಿ ಏನೂ ಬರೆಯಲ್ಲ. ಎರಡನೇ ಸಲ ಇಯರ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ ಕೇಳ್ತೀನಿ. ಈವರೆಗೆ 143 ಹೆಸರು. ಕೊಹಿಮಾದವರು, ಕೊಚ್ಚಿಯವರು, ಶಿಲ್ಲಾಂಗ್‌ನವರು ಎಲ್ಲ ಇದ್ದಾರೆ.

ಇದೂ ಸುಲಭ ಅಲ್ಲ. 2021ರಲ್ಲಿ ಮಗಳಿಗೆ ಊಟ ಮಾಡಿಸೋಕೆ ಅದೇ ಅಕೌಂಟ್‌ನಲ್ಲಿ ಶಿಶುಗೀತೆ ಹಾಕಿದೆವು. ಆಮೇಲೆ 14 ತಿಂಗಳು ಸೋಮವಾರ ಬಂತೆಂದರೆ ಬಾತುಕೋಳಿ, ಬಸ್ಸಿನ ಚಕ್ರ. ಎರಡು ವರ್ಷ ಕೂತು ಆ್ಯಪ್‌ಗೆ ನನ್ನ ರುಚಿ ಕಲಿಸಿದ್ದೆಲ್ಲ ಹೋಯಿತು. ಪ್ರೈವೇಟ್ ಸೆಷನ್ ಅಂತ ಒಂದಿದೆ, ಅದನ್ನು ಹಾಕಿ ಮಕ್ಕಳ ಹಾಡು ಕೇಳಿಸಿದರೆ ಪಟ್ಟಿ ಕೆಡಲ್ಲ ಅಂತ ಆಗ ಯಾರೂ ಹೇಳಲಿಲ್ಲ. ಕೊನೆಗೆ ಹೊಸ ಅಕೌಂಟ್ ತೆರೆದು ಮೊದಲಿಂದ ಶುರು ಮಾಡಿದೆ.

ಮಾಜಿ_ಬೇಸಿಸ್ಟ್_ಮೈಸೂರು:
143 ಹೆಸರು. ಅದರಲ್ಲಿ ಎಷ್ಟು ಜನಕ್ಕೆ ಒಂದು ರೂಪಾಯಿ ತಲುಪಿದೆ ಅಂತ ಆ ನೋಟ್‌ಬುಕ್‌ನಲ್ಲಿ ಬರೆದಿದ್ದೀರಾ?

ನಾವು ಐದು ಜನ. 2022ರಲ್ಲಿ ನಾಲ್ಕು ಹಾಡು ಮಾಡಿದೆವು, ಎಲ್ಲ ಕನ್ನಡದಲ್ಲಿ, ಎಲ್ಲ ನಮ್ಮದೇ ಸಾಹಿತ್ಯ. ಅಭ್ಯಾಸಕ್ಕೆ ಜ್ಯಾಮ್ ರೂಮ್ ಬಾಡಿಗೆ ಗಂಟೆಗೆ 450ರಂತೆ 62 ಗಂಟೆ, 27,900. ಡ್ರಮ್ಸ್ ರೆಕಾರ್ಡಿಂಗ್ ಎರಡು ದಿನ, 24,000. ಬಾಕಿಯೆಲ್ಲ ಗಿಟಾರಿಸ್ಟ್ ಮನೆಯಲ್ಲಿ, ಕಿಟಕಿಗೆ ಹಾಸಿಗೆ ಒತ್ತಿಟ್ಟು. ಎಲ್ಲ ವಾದ್ಯ, ದನಿ ಹದವಾಗಿ ಕೂಡಿಸೋ ಮಿಕ್ಸಿಂಗ್ ಹಾಡಿಗೆ 6,000, ಕೊನೆಯ ಹದ ಕೊಡೋ ಮಾಸ್ಟರಿಂಗ್ ಹಾಡಿಗೆ 2,000. ಮುಖಪುಟದ ಚಿತ್ರ 5,000. ಆ್ಯಪ್‌ಗಳಿಗೆ ತಲುಪಿಸೋ ಕಂಪನಿಗೆ ವರ್ಷದ ಶುಲ್ಕ 1,800. ಒಟ್ಟು 90,700.

ಆಮೇಲೆ ಒಬ್ಬ ಪ್ರಚಾರದವನು ಸಿಕ್ಕಿದ. 12,000 ಕೊಡಿ, ಪ್ಲೇಲಿಸ್ಟ್‌ಗೆ ಹಾಕಿಸ್ತೀನಿ ಅಂದ. ಕೊಟ್ಟೆವು. ಒಂಬತ್ತು ದಿನದಲ್ಲಿ 18,000 ಸಲ ಕೇಳಿದ್ದಾರೆ ಅಂತ ತೋರಿಸಿತು. ರಾತ್ರಿಯೆಲ್ಲ ಕುಣಿದೆವು. ಹತ್ತನೇ ದಿನ ನೋಡಿದರೆ ಅಷ್ಟೂ ಬಂದಿರೋದು ಎರಡೇ ಊರಿಂದ, ಎರಡೂ ವಿದೇಶ. ಕನ್ನಡ ಗೊತ್ತಿರೋರು ಒಬ್ಬರೂ ಇರಲಿಕ್ಕಿಲ್ಲ. ಅದೆಲ್ಲ ಸುಳ್ಳು ಕೇಳುಗರು. ಆ್ಯಪ್‌ನವರು ಹಾಡನ್ನೇ ತೆಗೆದುಹಾಕಿದರು. ನಾಲ್ಕರಲ್ಲಿ ಅದೇ ನಮ್ಮ ಒಳ್ಳೆ ಹಾಡು.

ಇನ್ನೊಂದು ಹಾಡಿಗೆ ಹನ್ನೆರಡು ತಿಂಗಳಲ್ಲಿ 870 ಸಲ ಕೇಳಿದ್ದಾರೆ ಅಂತ ಬಂತು. ಸಾವಿರ ಮುಟ್ಟದ ಹಾಡಿಗೆ ದುಡ್ಡೇ ಇಲ್ಲ ಅಂತ 2024ರಿಂದ ಸ್ಪಾಟಿಫೈ ನಿಯಮ. ಇನ್ನು 130 ಜನ ಒಂದೊಂದು ಸಲ ಕೇಳಿದ್ದರೆ ಸಾಕಿತ್ತು. ಎರಡು ವರ್ಷಕ್ಕೆ ನಾಲ್ಕೂ ಹಾಡಿಂದ ಬಂದದ್ದು 2,300 ರೂಪಾಯಿ.

42,000ಕ್ಕೆ ತಗೊಂಡಿದ್ದ ಬೇಸ್ ಗಿಟಾರ್ 23,000ಕ್ಕೆ ಮಾರಿದೆ. ತಗೊಂಡ ಹುಡುಗ ಮಂಡ್ಯದವನು. ಬಸ್‌ಸ್ಟ್ಯಾಂಡ್‌ವರೆಗೆ ಬಿಟ್ಟು ಬಂದೆ. ಕಿಟಕಿ ಪಕ್ಕ ಕೂತು, ಚೀಲವನ್ನು ಮೇಲೆ ಇಡದೆ ತೊಡೆ ಮೇಲೆ ಇಟ್ಟುಕೊಂಡ.

ಸೋಮವಾರದ_ಪಟ್ಟಿ:
ನಿಮ್ಮ ನಷ್ಟಕ್ಕೆ ಬೇಜಾರಾಯಿತು. ಆದರೆ ಅದನ್ನು ನನ್ನ ತಲೆಗೆ ಕಟ್ಟಬೇಡಿ. ನಾನು ದುಡ್ಡು ಕೊಟ್ಟೇ ಕೇಳೋನು, ಮೊದಲ ತಿಂಗಳಿಂದ. ಆರು ಬ್ಯಾಂಡ್‌ಗೆ ಮೆಸೇಜ್ ಮಾಡಿ, ಟೀಶರ್ಟ್ ಇದೆಯಾ, ಸಿ.ಡಿ. ಇದೆಯಾ ಅಂತ ಕೇಳಿದ್ದೇನೆ. ನಾಲ್ಕು ಜನ ಉತ್ತರವೇ ಕೊಡಲಿಲ್ಲ. ಕೊಳ್ಳೋಕೆ ಬಂದವನಿಗೆ ಮಾರೋಕೆ ಏನೂ ಇಟ್ಟುಕೊಳ್ಳದಿದ್ದರೆ ಯಾರ ತಪ್ಪು?

ಮಾಜಿ_ಬೇಸಿಸ್ಟ್_ಮೈಸೂರು:
50 ಟೀಶರ್ಟ್ ಅಚ್ಚು ಹಾಕಿಸಿದ್ದೆವು ಸ್ವಾಮಿ. ಒಂದಕ್ಕೆ 280. ಮಾರಿದ್ದು 11. ಉಳಿದವು ನಮ್ಮಮ್ಮನ ಬೀರುವಿನಲ್ಲಿವೆ. ಏನೂ ಗೊತ್ತಿಲ್ಲದೆ ಮಾತಾಡಬೇಡಿ.

ಮಲೆನಾಡ_ಮಳೆ:
ಅಣ್ಣಂದಿರೇ, ಕೇಳಿದವರು ದಾವಣಗೆರೆಯವರು. ಬೆಂಗಳೂರು ಅಲ್ಲಿಂದ 260 ಕಿಲೋಮೀಟರ್. ಡ್ರಮ್ಮರನ್ನು ಎಲ್ಲಿ ಹುಡುಕಿಕೊಂಡು ಹೋಗಲಿ ಅವರು? ನಾನಿರೋದು ಶಿರಸಿಯಲ್ಲಿ. ನನಗೂ ಯಾವ ಪಬ್ಬೂ ಇಲ್ಲ, ವೇದಿಕೆಯೂ ಇಲ್ಲ. ನನ್ನ ದಾರಿ ಬ್ಯಾಂಡ್‌ಕ್ಯಾಂಪ್, ಬ್ಯಾಂಡಿನವರೇ ತಮ್ಮ ಹಾಡು ಮಾರೋ ವೆಬ್‌ಸೈಟ್.

ಅಲ್ಲಿ ಹಾಡು ಕೊಂಡರೆ ನೂರಕ್ಕೆ 15 ಮಾತ್ರ ಅವರು ಇಟ್ಕೊಳ್ತಾರೆ, ಪಾವತಿ ಖರ್ಚು ಕಳೆದು ಉಳಿದದ್ದು ಬ್ಯಾಂಡ್‌ಗೆ. 2020ರ ಮಾರ್ಚ್‌ನಿಂದ ಕೆಲವು ಶುಕ್ರವಾರ ಆ 15ನ್ನೂ ಬಿಡ್ತಾರೆ. ನಾನು ಆ ದಿನಕ್ಕೆ ಕಾದು ಕೊಳ್ಳೋದು. ಹುಡುಕೋ ಕ್ರಮ ಹೀಗೆ. ಪ್ರತಿ ಆಲ್ಬಮ್ ಪುಟದಲ್ಲಿ ಅದನ್ನು ಕೊಂಡವರ ಪುಟ್ಟ ಪುಟ್ಟ ಚಿತ್ರಗಳಿರ್ತವೆ. ನಿಮಗೆ ತುಂಬ ಇಷ್ಟವಾದ, ಆದರೆ ಜಾಸ್ತಿ ಜನ ಕೊಳ್ಳದ ಒಂದು ಆಲ್ಬಮ್ ತೆಗೀರಿ. ಕೊಂಡವರ ಚಿತ್ರ ಒತ್ತಿದರೆ ಅವರು ಕೊಂಡದ್ದೆಲ್ಲ ಕಾಣುತ್ತೆ. ಅದರಲ್ಲಿ ನಿಮಗೆ ಗೊತ್ತಿರೋದು ಎರಡು ಮೂರು ಇದ್ದರೆ, ಉಳಿದವು ನಿಮಗೆ ಹಿಡಿಸೋ ಸಾಧ್ಯತೆ ಹೆಚ್ಚು. ಊರಿನ ಹೆಸರಿನಿಂದಲೂ ಹುಡುಕಬಹುದು, ಬೆಂಗಳೂರು ಅಂತ ಹಾಕಿದರೆ ಪುಟಗಟ್ಟಲೆ ಬರುತ್ತೆ.

ಪೆಟ್ಟು ತಿಂದದ್ದೂ ಹೇಳ್ತೀನಿ. ಅಲ್ಲಿ ಬ್ಯಾಂಡ್‌ಗೆ ದುಡ್ಡು ಹೋಗೋದು ಪೇಪಾಲ್ ಅನ್ನೋ ಆನ್‌ಲೈನ್ ಪಾವತಿ ಕಂಪನಿ ಮೂಲಕ. ಭಾರತದೊಳಗಿಂದ ಭಾರತದೊಳಗಿನವರಿಗೆ ಪೇಪಾಲ್ 2021ರ ಏಪ್ರಿಲ್ 1ಕ್ಕೆ ನಿಂತುಹೋಯಿತು. ಐಸ್‌ಲ್ಯಾಂಡ್‌ನವರ ಹಾಡು ನಾನು ಐದು ನಿಮಿಷದಲ್ಲಿ ಕೊಂಡೆ. ಬೆಂಗಳೂರಿನವರ 300 ರೂಪಾಯಿ ಆಲ್ಬಮ್ ಕೊಳ್ಳೋಕೆ ಮೂರು ಸಂಜೆ ಒದ್ದಾಡಿದೆ. ಒಂದು ಸಲ ಕಾರ್ಡಿನಿಂದ ದುಡ್ಡು ಹೋಗಿ 8 ದಿನ ಬಿಟ್ಟು ವಾಪಸ್ ಬಂತು. ಕೊನೆಗೆ ಬ್ಯಾಂಡಿನವರಿಗೇ ಮೇಲ್ ಬರೆದೆ. ಯು.ಪಿ.ಐ. ನಂಬರ್ ಕಳಿಸಿದರು. 300 ಕೇಳಿದ್ದರು, 500 ಹಾಕಿದೆ. ಹತ್ತು ನಿಮಿಷಕ್ಕೆ ಹಾಡಿನ ಲಿಂಕ್ ಬಂತು. ಜೊತೆಗೆ ಹಾಡು ಬರೆದ ಹಾಳೆಯ ಫೋಟೋ. ರೂಲ್ಡ್ ಹಾಳೆ, ನೀಲಿ ಪೆನ್ನು, ಎರಡನೇ ಚರಣ ಪೂರ್ತಿ ಹೊಡೆದುಹಾಕಿ ಅಂಚಿನಲ್ಲಿ ಹೊಸದು ಬರೆದಿದ್ದಾರೆ. ಹೊಡೆದುಹಾಕಿದ್ದನ್ನೂ ಓದಬಹುದು. ಅದು ನನ್ನ ಹತ್ತಿರ ಮಾತ್ರ ಇದೆ.

ಸೋಮವಾರದ_ಪಟ್ಟಿ:
ಬ್ಯಾಂಡ್‌ಕ್ಯಾಂಪ್ ಅಂದರೆ ಏನೋ ದೇವಸ್ಥಾನ ಅನ್ನೋ ಹಾಗೆ ಹೇಳ್ತೀರಿ ಮೇಡಂ. 2022ರಲ್ಲಿ ಒಂದು ವಿಡಿಯೋ ಗೇಮ್ ಕಂಪನಿ ಅದನ್ನು ಕೊಂಡಿತು. 2023ರಲ್ಲಿ ಇನ್ನೊಬ್ಬರಿಗೆ ಮಾರಿತು. ಆಗ ಸುಮಾರು ಅರ್ಧ ಸಿಬ್ಬಂದಿ ಕೆಲಸ ಕಳೆದುಕೊಂಡರು. ಅದೂ ವ್ಯಾಪಾರವೇ.

ಮಲೆನಾಡ_ಮಳೆ:
ನಾನು ದೇವಸ್ಥಾನ ಅಂದಿಲ್ಲ. ನೂರಕ್ಕೆ 15 ಅಂದೆ. ನಿಮ್ಮ ಆ್ಯಪ್‌ನ ಲೆಕ್ಕ ಮೇಲೆ ಬೇಸಿಸ್ಟ್ ಅಣ್ಣ ಹೇಳಿದ್ದಾರೆ, ಓದಿಕೊಳ್ಳಿ.

ಕ್ಯಾಸೆಟ್_ಕಾಲ:
ನಾನು 67 ದಾಟಿದವನು, ಶಿವಮೊಗ್ಗ. ನೀವೆಲ್ಲ ಸಿನಿಮಾದಾಚೆಯ ಹಾಡು ಅಂದಾಗ ನನಗೆ ನೆನಪಾಗೋದು 1978. ನಿಸಾರ್ ಅಹಮದ್ ಅವರ ಪದ್ಯಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಬಂದ ವರ್ಷ. ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಅದು. ಸಿನಿಮಾದ ಹಂಗಿಲ್ಲದೆ ಕನ್ನಡ ಹಾಡು ಮನೆ ಮನೆಗೆ ಹೋಯಿತು. ನಮ್ಮ ಬೀದಿಯಲ್ಲಿ ಇದ್ದದ್ದು ಒಂದೇ ಟೇಪ್‌ರೆಕಾರ್ಡರ್. ಟೇಪ್ ಸಿಕ್ಕಿಕೊಂಡರೆ ಪೆನ್ಸಿಲ್ ತೂರಿಸಿ ಸುತ್ತುತ್ತಿದ್ದೆವು. ಹೊಸದು ಯಾವುದು ಬಂತು ಅಂತ ಕ್ಯಾಸೆಟ್ ಅಂಗಡಿಯವರೇ ಹೇಳೋರು, ನಮ್ಮ ರುಚಿ ಅವರಿಗೆ ಬಾಯಿಪಾಠ. ಈಗ ಅಂಥ ಒಬ್ಬ ಮನುಷ್ಯ ಬೇಕು, ಬೇರೇನೂ ಬೇಡ.

ಇನ್ನೊಂದು ಮಾತು. ಈಗಿನ ಬ್ಯಾಂಡಿನವರು ಷರೀಫರ ಪದವನ್ನೇ ಎತ್ತಿಕೊಂಡು ಗಿಟಾರ್ ಬಾರಿಸುತ್ತಾರೆ. ಅಶ್ವತ್ಥ್ ಅವರು ಹಾಡಿ ಮುಗಿಸಿದ ಮೇಲೆ ಅದರಲ್ಲಿ ಹೊಸದೇನಿದೆ?

ಹಳ್ಳಿಬೀಟ್:
ಹಿರಿಯರೇ, ಹೊಸದೇನಿದೆ ಅನ್ನೋದು ಸರಿ, ಕಾರಣ ಮಾತ್ರ ಬೇರೆ. ತತ್ವಪದ ಹಾಡಿದರೆ ಚಪ್ಪಾಳೆ ಗ್ಯಾರಂಟಿ, ಸ್ವಂತ ಸಾಲು ಬರೆದರೆ ಗ್ಯಾರಂಟಿ ಇಲ್ಲ. ಅದಕ್ಕೇ ಎಲ್ಲರೂ ಅಲ್ಲಿಗೆ ಹೋಗೋದು. ಸ್ವಂತ ಸಾಹಿತ್ಯ ಬೇಕಾದರೆ ಕನ್ನಡ ರ್ಯಾಪ್ ಕೇಳಿ. ನಮ್ಮ ತಾಲ್ಲೂಕಿನ ಹುಡುಗರು ಫೋನಿನಲ್ಲೇ ರೆಕಾರ್ಡ್ ಮಾಡಿ ಹಾಕ್ತಾರೆ. ಜೋಳದ ರೇಟು, ಕಬ್ಬಿನ ಬಾಕಿ, ಅಪ್ಪನ ಸಾಲ, ಎಲ್ಲ ಇದೆ. ಬೆಂಗಳೂರಿನ 400 ರೂಪಾಯಿ ಟಿಕೆಟ್‌ನವರಿಗೆ ಅದು ಸಂಗೀತ ಅಂತಲೇ ಅನಿಸಲ್ಲ.

ಮುಂದಿನ_ಸಾಲು:
ಹಾಗಂತ ನಾನು ಎಲ್ಲಿ ಹೇಳಿದೆ?

ಎಡಿಸನ್_ಅಮ್ಮ:
ಷರೀಫರ ವಿಷಯ ಬಂದದ್ದಕ್ಕೆ ಬರೀತಿದ್ದೇನೆ. ನಾನು ನ್ಯೂಜೆರ್ಸಿಯಲ್ಲಿ ಹದಿನೆಂಟು ವರ್ಷದಿಂದ ಇದ್ದೇನೆ. ಮಗ ಕನ್ನಡ ಮಾತಾಡೋಕೆ ನಾಚಿಕೊಳ್ಳುತ್ತಿದ್ದ. ರಘು ದೀಕ್ಷಿತ್ ಅವರ 2008ರ ಆಲ್ಬಮ್ ಕಾರಿನಲ್ಲಿ ಹಾಕಿದೆ. ಮೂರನೇ ವಾರಕ್ಕೆ 'ಗುಡುಗುಡಿಯ ಸೇದಿ ನೋಡೋ' ಹಿಂದಿನ ಸೀಟಿನಿಂದ ಕೇಳಿಸಿತು. ಗುಡುಗುಡಿ ಅಂದರೆ ಏನಮ್ಮಾ ಅಂದ. ಷರೀಫರು 1889ರಲ್ಲಿ ತೀರಿಕೊಂಡವರು, ಶಿಶುನಾಳದವರು ಅಂತ ಅವನಿಗೆ ಹೇಳಿದ್ದು ಆ ದಿನ. ಇದನ್ನು ಚಪ್ಪಾಳೆ ಗ್ಯಾರಂಟಿ ಅಂತ ತಳ್ಳಿಹಾಕಿದರೆ ನನಗೆ ತುಂಬ ನೋವಾಗುತ್ತೆ.

ಹಳ್ಳಿಬೀಟ್:
ನೋವು ಮಾಡೋ ಉದ್ದೇಶ ಇಲ್ಲ ಮೇಡಂ. ಆದರೆ ನಿಮ್ಮ ಮಗ ಷರೀಫರನ್ನು ಕೇಳಿದ, ಹೊಸ ಕವಿಯನ್ನಲ್ಲ. ಇಲ್ಲಿ ಕೇಳಿದ ಪ್ರಶ್ನೆ ಹೊಸಬರದ್ದು.

ಕ್ಯಾಸೆಟ್_ಕಾಲ:
ಗುಡುಗುಡಿಯನ್ನು ಅಶ್ವತ್ಥ್ ಅವರ ದನಿಯಲ್ಲಿ ಕೇಳಿಸಿ ತಾಯಿ. ಆಮೇಲೆ ಮಾತಾಡೋಣ.

ಎಡಿಸನ್_ಅಮ್ಮ:
ಕೇಳಿಸಿದ್ದೇನೆ ಸರ್. ಅವನಿಗೆ ಹಿಡಿಸಿದ್ದು ಇದು. ಇಬ್ಬರದೂ ಇರಲಿ ಬಿಡಿ, ಯಾಕೆ ಒಂದನ್ನು ಬೀಳಿಸಬೇಕು?

ಬೆಣ್ಣೆದೋಸೆ_ದಾವಣಗೆರೆ:
ಅಂಗಡಿ ಮುಚ್ಚಿ ಈಗ ಎಲ್ಲ ಓದಿದೆ. ಶಿರಸಿ ಅಕ್ಕ ಹೇಳಿದ ಹಾಗೆ ಬ್ಯಾಂಡ್‌ಕ್ಯಾಂಪ್‌ನಲ್ಲಿ ಒಬ್ಬರ ಪಟ್ಟಿ ಹಿಡಿದು ಎರಡು ಆಲ್ಬಮ್ ಕೇಳಿದೆ, ಒಂದು ಇಷ್ಟವಾಯಿತು. ಬ್ಯಾಂಡ್‌ಗೆ ಮೇಲ್ ಹಾಕಿದ್ದೇನೆ.

ಬೇಸಿಸ್ಟ್ ಸರ್, ಆ 870ರ ಹಾಡಿನ ಹೆಸರೇನು? ಹುಡುಕಿದರೆ ನಿಮ್ಮ ಬ್ಯಾಂಡ್ ಯಾವುದು ಅಂತಲೇ ಗೊತ್ತಾಗಲಿಲ್ಲ. ಈ ತಿಂಗಳ 500ರಲ್ಲಿ 200 ಇನ್ನೂ ಉಳಿದಿದೆ.

ಮಾಜಿ_ಬೇಸಿಸ್ಟ್_ಮೈಸೂರು:
ಅದು ಈಗ ಎಲ್ಲೂ ಇಲ್ಲ. ವರ್ಷದ 1,800 ಕಟ್ಟೋದು ನಿಲ್ಲಿಸಿದ ಮೇಲೆ ಎಲ್ಲ ಆ್ಯಪ್‌ನಿಂದ ಹೋಯಿತು. ನನ್ನ ಹಾರ್ಡ್ ಡಿಸ್ಕ್‌ನಲ್ಲಿದೆ, 48 ಎಂ.ಬಿ. ಮೇಲ್‌ನಲ್ಲಿ ಹೋಗಲ್ಲ, ಡ್ರೈವ್ ಲಿಂಕ್ ಮಾಡಿ ನಾಳೆ ಕಳಿಸ್ತೀನಿ. ತೆಗೆದುಹಾಕಿದರಲ್ಲ, ಆ ಹಾಡನ್ನೂ ಹಾಕ್ತೀನಿ. ಎರಡನೇ ನಿಮಿಷದಲ್ಲಿ ಡ್ರಮ್ಸ್ ಸ್ವಲ್ಪ ಓಡುತ್ತೆ. ಮತ್ತೆ ರೆಕಾರ್ಡ್ ಮಾಡೋಕೆ ದುಡ್ಡಿರಲಿಲ್ಲ. ದುಡ್ಡು ಬೇಡ, ಟೀಶರ್ಟ್ ಬೇಕಾದರೆ ಸೈಜ್ ಹೇಳಿ.

ಸೋಮವಾರದ_ಪಟ್ಟಿ:
ನನಗೂ ಲಿಂಕ್ ಕಳಿಸಿ. ಟೀಶರ್ಟ್ ಎಲ್ ಸೈಜ್. ನಾನು ದುಡ್ಡು ಕೊಟ್ಟೇ ತಗೊಳ್ಳೋದು.