ಒಂದೇ ಮಾರ್ಫಿನ್, ಇಷ್ಟೊಂದು ಕಡೆ ಹೇಗೆ?

ಸೋಮವಾರಪೇಟೆಯವನು:
ಅಪ್ಪ ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಡಾಕ್ಟರು ಮಾರ್ಫಿನ್ ಕೊಟ್ಟರು. ನೋವು ಇಳಿಯಿತು. ಜೊತೆಗೆ ತೂಕಡಿಕೆ, ಮಲಬದ್ಧತೆ. ಉಸಿರು ನಿಧಾನ ಆಗ್ತಿದೆಯಾ ನೋಡ್ತಿರಿ ಎಂದು ನರ್ಸ್ ಬೇರೆ ಹೇಳಿದರು. ಒಂದೇ ಔಷಧಿ ಅಲ್ವಾ?

ಮಡಿಕೇರಿ ಮಳೆ:
ಔಷಧಿ ಒಂದೇ, ಅದು ಕೂರುವ ಕೋಶಗಳು ಬೇರೆ ಬೇರೆ. ಕೂರುವ ಜಾಗದ ಹೆಸರು 'ಮ್ಯೂ' ರಿಸೆಪ್ಟರ್. ಬೆನ್ನುಹುರಿಯ ನರಕೋಶದಲ್ಲಿ ಕೂತರೆ ನೋವಿನ ಸುದ್ದಿ ಮೇಲೆ ಹೋಗುವುದು ಕಡಿಮೆಯಾಗುತ್ತದೆ. ಮಿದುಳಿನ ಬುಡದಲ್ಲಿ ಉಸಿರಾಟದ ತಾಳ ಹಾಕುವ ಕೋಶಗಳಲ್ಲಿ ಕೂತರೆ ತಾಳ ನಿಧಾನ. ಮಲಬದ್ಧತೆ ಹೆಚ್ಚಾಗಿ ಕರುಳಿನ ನರಗಳದ್ದೇ ಕೆಲಸ.

ಕಾಫಿ ಕುಡುಕ:
ಮಿದುಳಿನಲ್ಲಿ ಖುಷಿಗೆ ನಂಟಿರುವ ರಾಸಾಯನಿಕ ಡೋಪಮಿನ್, ಅದರ ಕತೆ ಇನ್ನೂ ಮಜಾ. ಮಾರ್ಫಿನ್ ತಾನು ಕೂತ ಕೋಶವನ್ನು ಸುಮ್ಮನಾಗಿಸುತ್ತದೆ. ಹಾಗಿದ್ದೂ ಡೋಪಮಿನ್ ಯಾಕೆ ಜಾಸ್ತಿ? ಸುಮ್ಮನಾಗುವುದು ಡೋಪಮಿನ್ ಕೋಶ ಅಲ್ಲ, ಅದನ್ನು ಹಿಡಿದಿಟ್ಟ ಗಾಬಾ ಕೋಶ (ಗಾಬಾ ಎಂಬ ತಡೆಯುವ ರಾಸಾಯನಿಕ ಬಿಡುವ ನರಕೋಶ). ತೋಟದ ಕಾವಲುಗಾರ ನಿದ್ದೆ ಹೋದ, ಆನೆ ಒಳಗೆ ಬಂತು!

ಸೋಮವಾರಪೇಟೆಯವನು:
ಈಗ ಅರ್ಥ ಆಯ್ತು. ಮೊನ್ನೆ ನಮ್ಮ ಹಲಸು ಹಾಗೇ ಹೋಯ್ತು. ಅಪ್ಪನಿಗೆ ಮಲಬದ್ಧತೆಗೆ ಲ್ಯಾಕ್ಟುಲೋಸ್ ಸಿರಪ್ ಬರೆದಿದ್ದಾರೆ, 'ಸಕ್ಕರೆ ಪಾಕ' ಎಂದು ಬೈಯುತ್ತಲೇ ಕುಡಿಯುತ್ತಿದ್ದಾರೆ.