ಸಹಾಯ ಬೇಕು: ಒ.ಜೆ. ಸಿಂಪ್ಸನ್ ಕೇಸಲ್ಲಿ ಎರಡು ಕೋರ್ಟು, ಎರಡು ತೀರ್ಪು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಎರಡನೇ ವರ್ಷದ ಎಲ್‌ಎಲ್‌ಬಿ ಓದ್ತಿದ್ದೀನಿ, ಬರೋ ಸೋಮವಾರ ಕ್ಲಾಸಲ್ಲಿ ಸೆಮಿನಾರ್ ಇದೆ, ನಂಗೆ ಸಿಕ್ಕಿರೋದು ಈ ಕೇಸು.

1994ರ ಜೂನ್ 12ರ ರಾತ್ರಿ ಲಾಸ್ ಏಂಜಲೀಸ್‌ನಲ್ಲಿ ಅಮೆರಿಕದ ಮಾಜಿ ಫುಟ್‌ಬಾಲ್ ಆಟಗಾರ ಸಿಂಪ್ಸನ್ ಅವರ ಮಾಜಿ ಹೆಂಡತಿ ನಿಕೋಲ್ ಬ್ರೌನ್ ಮತ್ತೆ ಆಕೆ ಸ್ನೇಹಿತ ರಾನ್ ಗೋಲ್ಡ್‌ಮನ್ ಕೊಲೆಯಾದ್ರು, ಆರೋಪ ಸಿಂಪ್ಸನ್ ಮೇಲೆ ಬಂತು. ತಿಂಗಳುಗಟ್ಲೆ ಸಾಕ್ಷಿ ಕೇಳಿದ ಜ್ಯೂರಿ (ತೀರ್ಪು ಕೊಡೋ ಸಾಮಾನ್ಯ ಜನರ ತಂಡ) ನಾಲ್ಕು ಗಂಟೆನೂ ಚರ್ಚೆ ಮಾಡದೆ, 1995ರ ಅಕ್ಟೋಬರ್ 3ಕ್ಕೆ ನಿರ್ದೋಷಿ ಅಂತ ಹೇಳ್ತು. ಆದ್ರೆ 1997ರಲ್ಲಿ ಸಿವಿಲ್ ಜ್ಯೂರಿ ಅದೇ ಸಾವುಗಳಿಗೆ ಅವರೇ ಹೊಣೆ ಅಂತ ಹೇಳಿ ಒಟ್ಟು 3.35 ಕೋಟಿ ಡಾಲರ್ ಕಟ್ಟಿ ಅಂತು! ಇದನ್ನ ಓದಿದಾಗಿಂದ ಆ ಎರಡು ಮನೆಯವರ ಬಗ್ಗೆನೇ ಯೋಚನೆ ಆಗ್ತಿದೆ, ದುಡ್ಡಿನ ತೀರ್ಪಿಂದ ಅವ್ರಿಗೆ ಎಷ್ಟು ಸಮಾಧಾನ ಸಿಕ್ಕಿರತ್ತೆ.

ಕ್ರಿಮಿನಲ್ ಕೇಸಲ್ಲಿ ಸಂಶಯಾತೀತವಾಗಿ ಸಾಬೀತಾಗ್ಬೇಕು, ಸಿವಿಲ್‌ನಲ್ಲಿ ಯಾರ ಕಡೆ ಸಾಕ್ಷ್ಯದ ತೂಕ ಜಾಸ್ತಿನೋ ಅವ್ರು ಗೆಲ್ತಾರೆ, ಇಷ್ಟು ಗೊತ್ತು. ಸಿಂಪ್ಸನ್ ಮೊದಲ್ನೇ ವಿಚಾರಣೆಲಿ ಸಾಕ್ಷಿ ಹೇಳ್ಲೇ ಇಲ್ಲ, ಸಿವಿಲ್‌ನಲ್ಲಿ ಹೇಳ್ಬೇಕಾಯ್ತು, ಅದೂ ದೊಡ್ಡ ವ್ಯತ್ಯಾಸ ಅನ್ಸುತ್ತೆ.

ನಂಗೆ ಸಿಕ್ಕಾಕೊಂಡಿರೋದು ಇಲ್ಲಿ: ನಮ್ಮಲ್ಲಿ ಖುಲಾಸೆ ಆದ್ರೂ ಸರ್ಕಾರ ಹೈಕೋರ್ಟಿಗೆ ಮೇಲ್ಮನವಿ ಹಾಕ್ಬೋದು, ಅಮೆರಿಕದಲ್ಲಿ ಒಂದೇ ಅಪರಾಧಕ್ಕೆ ಎರಡು ಸಲ ವಿಚಾರಣೆ ಮಾಡಬಾರದು ಅನ್ನೋ ಅವ್ರ ಸಂವಿಧಾನದ ಐದನೇ ತಿದ್ದುಪಡಿ ಇರೋದ್ರಿಂದ ಆಗಲ್ಲ. ನಮ್ಮ ಸಂವಿಧಾನದ 20(2)ನೇ ವಿಧಿನೂ ಹತ್ತಿರತ್ತಿರ ಅದೇ ಮಾತು ಹೇಳುತ್ತಲ್ಲ, ಮತ್ತೆ ಇಷ್ಟೊಂದು ವ್ಯತ್ಯಾಸ ಯಾಕೆ? ಕ್ಲಾಸಲ್ಲಿ ಖಂಡಿತ ಕೇಳ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಪ್ರಾಕ್ಟೀಸ್ ಮಾಡ್ತಿರೋ ಕನ್ನಡದವ್ರು ಅಥವಾ ಕ್ರಿಮಿನಲ್ ಲಾ ಗೊತ್ತಿರೋ ಸೀನಿಯರ್ಸ್ ಯಾರಾದ್ರೂ ಶನಿವಾರದೊಳಗೆ ಬಿಡಿಸಿ ಹೇಳಿ ಪ್ಲೀಸ್, ವಾಯ್ಸ್ ಮೆಸೇಜ್ ಆದ್ರೂ ಪರವಾಗಿಲ್ಲ.