ವಿಆರ್ ಕಂಪನಿ ಇತಿಹಾಸ: ಸೆಮಿನಾರ್‌ಗೆ ಯಾವುದನ್ನು ಹಿಡಿಯಲಿ?

ಬೀದರ್‌ಹುಡುಗ:
ನಮಸ್ಕಾರ. ಬಿಇ ಕಂಪ್ಯೂಟರ್ ಸೈನ್ಸ್, ಆರನೇ ಸೆಮ್. ಮುಂದಿನ ವಾರ ಸೆಮಿನಾರ್ ಇದೆ, ಒಂದು ವರ್ಚುವಲ್ ರಿಯಾಲಿಟಿ (ವಿಆರ್, ಅಂದರೆ ಕನ್ನಡಕದಂಥದ್ದು ಹಾಕಿಕೊಂಡು ಕಂಪ್ಯೂಟರ್ ಲೋಕದ ಒಳಗೇ ಇದ್ದಂತೆ ಅನ್ನಿಸೋದು) ಕಂಪನಿಯ ಇತಿಹಾಸ ಹೇಳಬೇಕು. 2012ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ ಜನರಿಂದ ದುಡ್ಡು ಎತ್ತಿದ ಆಕ್ಯುಲಸ್ ಕಂಪನಿ, 2014ರಲ್ಲಿ ಫೇಸ್‌ಬುಕ್ ಅದನ್ನು ಕೊಂಡಿದ್ದು, ಎಲ್ಲಾ ಸ್ಲೈಡ್ ಮಾಡಿಟ್ಟಿದ್ದೆ. ಗೈಡ್ ನೋಡಿ "ಇದು ನಿನ್ನೆ ಮೊನ್ನೆ ಸುದ್ದಿ ಅಲ್ವೇನಪ್ಪಾ, ಇನ್ನೂ ಹಿಂದೆ ಹೋಗು" ಅಂದುಬಿಟ್ಟರು. ಹುಡುಕಿದರೆ ವಿಪಿಎಲ್ ಅಂತ ಸಿಕ್ಕಿತು. ಆದರೆ ಅದು ದಿವಾಳಿ ಎದ್ದ ಕಂಪನಿ. ಅದರ ಬಗ್ಗೆ ಹದಿನೈದು ನಿಮಿಷ ಏನು ಮಾತಾಡೋದು?

ಕಲಬುರಗಿ_ಕೋಡರ್:
ತಮ್ಮಾ, ಅದನ್ನೇ ಹಿಡಿ. ಅಟಾರಿ ಅನ್ನೋ ವಿಡಿಯೋ ಗೇಮ್ ಕಂಪನಿ ಬಿಟ್ಟು ಬಂದ ಜೆರಾನ್ ಲೇನಿಯರ್ 80ರ ದಶಕದ ನಡುವೆ ಕ್ಯಾಲಿಫೋರ್ನಿಯಾದಲ್ಲಿ ಶುರು ಮಾಡಿದ್ದು. 'ವರ್ಚುವಲ್ ರಿಯಾಲಿಟಿ' ಅನ್ನೋ ಮಾತು ಜನರ ಬಾಯಿಗೆ ಬಂದಿದ್ದೇ ಇವನಿಂದ. ವಿಪಿಎಲ್ ಅಂದರೆ ವಿಷುಯಲ್ ಪ್ರೋಗ್ರಾಮಿಂಗ್ ಲ್ಯಾಂಗ್ವೇಜಸ್, ಅಂದರೆ ಹೆಸರಿಡುವಾಗ ಕನ್ನಡಕದ ಯೋಚನೆಯೇ ಇರಲಿಲ್ಲ ನೋಡು.

ನನಗೆ ಇಷ್ಟ ಅವರ ಡೇಟಾಗ್ಲೌ, ಅಂದರೆ ಬೆರಳಿನ ಚಲನೆಯನ್ನು ಕಂಪ್ಯೂಟರ್‌ಗೆ ತಿಳಿಸೋ ಕೈಗವಸು. ಅದರ ಹಿಂದಿದ್ದ ಥಾಮಸ್ ಝಿಮ್ಮರ್‌ಮನ್‌ಗೆ ಗಾಳಿಯಲ್ಲೇ ಗಿಟಾರ್ ಬಾರಿಸೋ ಹುಚ್ಚು. ಕೈಗವಸಿನ ಪ್ರತಿ ಬೆರಳಿನ ಮೇಲೂ ಫೈಬರ್ ಎಳೆ, ನಿಮ್ಮೂರಲ್ಲಿ ಬಿದ್ರಿ ಮೇಲೆ ಬೆಳ್ಳಿ ತಂತಿ ಕೂರಿಸುತ್ತಾರಲ್ಲ, ಹಾಗೆ. ಒಂದು ತುದಿಯಿಂದ ಬೆಳಕು ಬಿಡೋದು, ಇನ್ನೊಂದು ತುದಿಯಲ್ಲಿ ಅಳೆಯೋದು. ಬೆರಳು ಮಡಚಿದರೆ ಗೆಣ್ಣಿನ ಹತ್ತಿರ ಎಳೆಯಿಂದ ಬೆಳಕು ಸೋರುತ್ತೆ, ಎಷ್ಟು ಸೋರಿತೋ ಅಷ್ಟು ಬೆರಳು ಮಡಚಿದೆ ಅಂತ ಲೆಕ್ಕ. ಎಷ್ಟು ಸರಳ!

ಮುಳುಗಿದ್ದಕ್ಕೂ ಕಾರಣ ಇದೆ. ಅವರ ಐಫೋನ್ (ಆಪಲ್‌ದಲ್ಲ, 'ಐ' ಅಂದರೆ ಕಣ್ಣು) ಅನ್ನೋ ವಿಆರ್ ಕನ್ನಡಕ ಹಾಕಿಕೊಂಡರೆ ಒಂದೊಂದು ಕಣ್ಣಿಗೂ ಒಂದೊಂದು ದುಬಾರಿ ಕಂಪ್ಯೂಟರ್ ಬೇಕಿತ್ತು. ನಾಸಾ ತರದವರು ಬಿಟ್ಟರೆ ಯಾರು ಕೊಳ್ಳುತ್ತಾರೆ? 1989ರಲ್ಲಿ ಮ್ಯಾಟೆಲ್ ಅನ್ನೋ ಆಟಿಕೆ ಕಂಪನಿ ಈ ಕೈಗವಸಿನ ಲೈಸೆನ್ಸ್ ತಗೊಂಡು, ಫೈಬರ್ ಬದಲು ಕರೆಂಟ್ ಹರಿಯೋ ಇಂಕ್ ಹಾಕಿ, ನಿಂಟೆಂಡೊ ಆಟಕ್ಕೆ ಪವರ್ ಗ್ಲೌ ಅಂತ ಅಗ್ಗದಲ್ಲಿ ಬಿಟ್ಟಿತು. ಆದರೂ ವಿಪಿಎಲ್ ಉಳಿಯಲಿಲ್ಲ. 1998ರಲ್ಲಿ ಅದರ ಪೇಟೆಂಟ್‌ಗಳು ಸನ್ ಮೈಕ್ರೋಸಿಸ್ಟಮ್ಸ್ ಅನ್ನೋ ಕಂಪ್ಯೂಟರ್ ಕಂಪನಿ ಪಾಲಾದವು.

ಯಾದಗಿರಿ ಮಂದಿ:
ಸುಮ್ನೆ ಒಂದು ಮಾತು. ಒಂದು ಎಕ್ಸ್‌ಪೋದಲ್ಲಿ ವಿಆರ್ ಹಾಕಿಕೊಂಡಿದ್ದೆ. ನಾನು ತಲೆ ತಿರುಗಿಸೋದು, ಚಿತ್ರ ಆಮೇಲೆ ನಿಧಾನಕ್ಕೆ ಬರೋದು. ತಿಂದ ಮಿರ್ಚಿ ಭಜಿ ಎಲ್ಲಾ ಹೊರಗೆ. ಈಗಲೂ ಹೀಗಾದರೆ ಆಗಿನವರ ಪಾಡು ಏನಿತ್ತೋ.

ಹಳೇಮೇಷ್ಟ್ರು:
ನಾನಾದರೆ ಇವಾನ್ಸ್ ಅಂಡ್ ಸದರ್‌ಲ್ಯಾಂಡ್ ತಗೋ ಅನ್ನುತ್ತೇನೆ. 1968, ಅಮೆರಿಕದ ಯೂಟಾ. ಅದೇ ವರ್ಷ ಅದರ ಸ್ಥಾಪಕರಲ್ಲಿ ಒಬ್ಬನಾದ ಐವನ್ ಸದರ್‌ಲ್ಯಾಂಡ್ ತಲೆಗೆ ಹಾಕೋ ಡಿಸ್‌ಪ್ಲೇ ತೋರಿಸಿದ್ದ, ಅದನ್ನು ಚಾವಣಿಯಿಂದ ಇಳಿಬಿಟ್ಟ ಕೋಲಿಗೆ ಜೋಡಿಸಿದ್ದರು. ಆದರೆ ಕಂಪನಿ ಅದನ್ನು ಮನೆಮನೆಗೆ ಮಾರೋಕೆ ಹೋಗಲಿಲ್ಲ. ಪೈಲಟ್ ತರಬೇತಿಯ ಸಿಮ್ಯುಲೇಟರ್‌ಗೆ ಚಿತ್ರ ಮಾಡಿಕೊಟ್ಟಿತು. ಅಲ್ಲಿ ಗಿರಾಕಿ ಬೆಲೆ ನೋಡಲ್ಲ, ಯಾಕಂದರೆ ನಿಜವಾದ ವಿಮಾನ, ಅದರ ಇಂಧನ ಇನ್ನೂ ದುಬಾರಿ, ಬಿದ್ದರೆ ಜೀವವೇ ಹೋಯಿತು. ನೀನು ಬೀದರ್‌ನವನು, ಪೈಲಟ್ ತರಬೇತಿಯ ಹಾಕ್ ವಿಮಾನದ ಸದ್ದಿಗೇ ಎದ್ದೇಳುವವನು, ನಿನಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ಅಡೋಬಿ ಕಟ್ಟಿದ ಜಾನ್ ವಾರ್ನಾಕ್ ಕೂಡ ಅಲ್ಲಿ ಕೆಲಸ ಮಾಡಿದವನೇ. 2006ರಲ್ಲಿ ಸಿಮ್ಯುಲೇಶನ್ ವಿಭಾಗವನ್ನು ರಾಕ್‌ವೆಲ್ ಕಾಲಿನ್ಸ್‌ಗೆ ಮಾರಿ, ತಾರಾಲಯಗಳಿಗೆ ಆಕಾಶದ ಚಿತ್ರ ತೋರಿಸೋ ಡಿಜಿಸ್ಟಾರ್ ಕಡೆ ವಾಲಿತು.

ಕಲಬುರಗಿ_ಕೋಡರ್:
ಮೇಷ್ಟ್ರೇ, ಮಾತು ಸರಿ. ಆದರೆ ಸಿಮ್ಯುಲೇಟರ್ ಕ್ಲಾಸಿಗೆ ಹೊತ್ತು ತರೋಕಾಗುತ್ತಾ? ಕೈಗವಸು ತರಬಹುದು.

ಬೀದರ್‌ಹುಡುಗ:
ವಿಪಿಎಲ್ ಫಿಕ್ಸ್, ಕೊನೆಯ ಎರಡು ಸ್ಲೈಡ್ ಮೇಷ್ಟ್ರ ಕಂಪನಿಗೆ. ಒಂದು ಬೆರಳಿನ ಡೆಮೊ ಮಾಡೋಣ ಅಂತಿದ್ದೀನಿ, ಎಲ್‌ಇಡಿ, ಬೆಳಕು ಅಳೆಯೋಕೆ ಎಲ್‌ಡಿಆರ್ ಇವೆ. ಫೈಬರ್ ಎಲ್ಲಿ ಸಿಗುತ್ತೆ ಅಣ್ಣಾ?

ಕಲಬುರಗಿ_ಕೋಡರ್:
ಶರಣಬಸವೇಶ್ವರ ಜಾತ್ರೆಯಲ್ಲಿ ಕೂದಲಿನ ಹಾಗೆ ಎಳೆ ಎಳೆಯಾಗಿ ಹೊಳೆಯೋ ದೀಪ ಮಾರುತ್ತಾರಲ್ಲ, ಅದೇ. ನಮ್ಮ ಮನೆಯಲ್ಲಿ ಒಂದು ಕೆಟ್ಟು ಕೂತಿದೆ, ಬಂದು ತಗೊಂಡು ಹೋಗು. ಮಡಚೋ ಜಾಗದಲ್ಲಿ ಬ್ಲೇಡಿನಿಂದ ಸ್ವಲ್ಪ ಗೀರು ಹಾಕು, ಇಲ್ಲಾಂದರೆ ಬೆಳಕು ಸೋರಲ್ಲ.